ಲಾವೋಸ್ ಗಡಿಯ ಹೊಲದಲ್ಲಿ ನಮ್ಮತ್ತಿಯ ಚರಗ

ವಿಯೆಟ್ನಾಮ್ ಹೇಗಿತ್ತು ಎಂದು ಗೋಕಾಕದ ನಮ್ಮ ಕರದಂಟಿನ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಚೆಂದ ಇತ್ತು ಎನ್ನುತ್ತೇನೆ. ಅದು ಖರೆ. ಆದರೆ ಹಾಗೆ ಹೇಳುವಾಗ ನನ್ನ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಮಂಜು ಕವಿದ ಗುಡ್ಡದ ಇಳಿಜಾರು, ಕೆಂಪು ಮಣ್ಣಿನ ಹೊಲ, ಅದರ ನಡುವೆ ಇಳಕಲ್ ಸೀರೆ ಉಟ್ಟ ನಮ್ಮತ್ತಿ, ಎತ್ತಿದ ಕೈಯಲ್ಲಿ ತೆಂಗಿನಕಾಯಿ. ಗಿರಾಕಿಗೆ ಪೊಟ್ಟಣ ಕಟ್ಟುತ್ತ ಕಟ್ಟುತ್ತ ನನ್ನ ಕೈ ನಿಂತುಬಿಡುತ್ತದೆ. ಆ ಕೈ ಕೆಳಗೆ ಬಂದಿದ್ದರೆ?

ಹೋಗಬೇಕಾಗಿದ್ದವರು ನಾನು ಮತ್ತು ನಮ್ಮ ಮನೆಯವರು. ಕಾಲೇಜಿನಲ್ಲಿ ಇತಿಹಾಸ ಓದುವಾಗಿನಿಂದ ನನಗೆ ವಿಯೆಟ್ನಾಮ್ ಯುದ್ಧ ನಡೆದ ದಾರಿಯನ್ನು ನೋಡುವ ಆಸೆಯಿತ್ತು. ಟಿಕೆಟ್ಟು ತೆಗೆಸುವ ಹೊತ್ತಿಗೆ ಕಬ್ಬು ಕಡಿಯುವ ತಂಡ ಮೂಡಲಗಿಗೆ ಬಂದಿಳಿಯಿತು. ಗ್ಯಾಂಗ್ ಬಂದಾಗ ಹೊಲ ಬಿಟ್ಟು ಹೋದರೆ ಮತ್ತೆ ಅವರು ಸಿಗುವುದಿಲ್ಲ. ಮನೆಯವರು ತಲೆ ಕೆರೆದುಕೊಳ್ಳುತ್ತ ಕುಳಿತಿದ್ದಾಗ ಅಡುಗೆಮನೆಯಿಂದ ಅತ್ತಿಯ ಧ್ವನಿ ಬಂತು.

“ಆಕಿ ಒಬ್ಬಾಕಿ ಯಾಕ ಹೋಗಬೇಕು? ನಾ ಹೊಕ್ಕೇನಿ.”

ಅತ್ತಿಯ ಹೆಸರು ಗಂಗವ್ವ. ತವರು ಹುಕ್ಕೇರಿ ಕಡೆ, ಕೊಟ್ಟದ್ದು ಮೂಡಲಗಿಗೆ. ಮಾವನವರು ತೀರಿಕೊಂಡ ಮೇಲೆ ಹೊಲ ಪೂರ್ತಿ ಅವರದೇ ಕಾರಭಾರ. ವಿದೇಶ ಎಂದರೆ ಅವರಿಗೆ ಒಂದೇ ಚಿಂತೆ ಇತ್ತು: ಎಳ್ಳಮಾವಾಸ್ಯೆ ಪ್ರವಾಸದ ನಡುವೆ ಬರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅವರು ಹೊಲಕ್ಕೆ ಚರಗ ಚೆಲ್ಲುವುದನ್ನು ತಪ್ಪಿಸಿದವರಲ್ಲ. ಅಂದು ಹೊಲದಲ್ಲಿ ಐದು ಕಲ್ಲು ಹೂಡಿ, ಸುಣ್ಣ ಕುಂಕುಮ ಹಚ್ಚಿ, ಪೂಜೆ ಮಾಡಿ, ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಚೆಲ್ಲಿ, ಆಮೇಲೆ ನಾವು ಉಣ್ಣುವುದು.

“ಮನಿಯಾಗ ಮಗಾ ಚೆಲ್ಲತಾನ. ನಾ ಎಲ್ಲಿರತೇನಿ ಅಲ್ಲಿ ಚೆಲ್ಲತೇನಿ. ಭೂಮಿ ಅಂದ್ರ ಎಲ್ಲಾ ಒಂದ ಅಲ್ಲೇನು?” ಎಂದು ಸಜ್ಜಿ ರೊಟ್ಟಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆಗಳನ್ನು ಡಬ್ಬಿಗೆ ತುಂಬಿದರು. ನಾನು ಹೂಂ ಎಂದೆ.

ಡಾ ನಾಂಗ್

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಡೆದದ್ದು ಹೋಳಿಗೆಯಲ್ಲ, ವಿಭೂತಿ. ಬಿಳಿ ಗಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಅಧಿಕಾರಿ ಹುಬ್ಬು ಏರಿಸಿದ. ನಾನು ಇಂಗ್ಲಿಷಿನಲ್ಲಿ ಧರ್ಮ, ಪೂಜೆ, ಭಸ್ಮ ಎಂದೆಲ್ಲ ಶುರು ಮಾಡುವಷ್ಟರಲ್ಲಿ ಅತ್ತಿ ಅವನ ಕೈಯಿಂದ ಗಟ್ಟಿ ತೆಗೆದುಕೊಂಡು ತಮ್ಮ ಹಣೆಗೆ ಮೂರು ಬೆರಳು ಎಳೆದುಕೊಂಡರು. ಆಮೇಲೆ ಆ ಕೈಯನ್ನು ಅವನ ಹಣೆಯ ಕಡೆಗೂ ಚಾಚಿದರು. ಅವನು ನಗುತ್ತ ಹಿಂದೆ ಸರಿದು ನಮ್ಮನ್ನು ಬಿಟ್ಟುಬಿಟ್ಟ.

“ಹಚ್ಚಿಸ್ಕೋಬೇಕಿತ್ತು ಬಡ್ಡಿಮಗಾ. ಹಣಿ ಬಣಬಣ ಅಂತೈತಿ,” ಎಂದರು ಅತ್ತಿ.

ಊರು ಸಮುದ್ರದ ದಂಡೆಯ ದೊಡ್ಡ ಊರು. ಅದರ ವರ್ಣನೆಯನ್ನು ಎಲ್ಲಿ ಬೇಕಾದರೂ ಓದಬಹುದು. ನಮ್ಮತ್ತಿಗೆ ಅಲ್ಲಿ ಸೇರಿದ್ದು ಎರಡು: ಮುದುಕಿಯರು ಬೆಳಗಿನ ಹೊತ್ತು ಹೂವಿನ ಅಂಗಿ, ಅದೇ ಹೂವಿನ ಪಾಯಿಜಾಮ ಹಾಕಿಕೊಂಡು ಪೇಟೆಗೆ ಬರುವುದು, ಮತ್ತು ಅಂಗಡಿಕಾರರು ಮಧ್ಯಾಹ್ನ ಅಂಗಡಿಯಲ್ಲೇ ಜೋಕಾಲಿಯಂಥ ಬಲೆ ಕಟ್ಟಿ ಮಲಗುವುದು. “ನಮ್ಮ ಮೂಡಲಗಿ ದಲಾಲಿ ಅಂಗಡ್ಯಾಗೂ ಹಿಂಗ ಒಂದು ಕಟ್ಟಿದ್ರ, ಶೇಟಜಿ ಕುಂತಲ್ಲೇ ತೂಕಡಿಸೂದು ತಪ್ಪತೈತಿ.”

ಡಾಂಗ್ ಹಾ ಪೇಟೆ

ಉತ್ತರಕ್ಕೆ ಬಂದು ಡಾಂಗ್ ಹಾ ಎಂಬ ಊರಿನಲ್ಲಿ ಇಳಿದೆವು. ಇಲ್ಲಿಂದ ಪಶ್ಚಿಮಕ್ಕೆ, ಗುಡ್ಡಗಳ ನಡುವೆ ಲಾವೋಸ್ ಗಡಿಯವರೆಗೆ ಒಂಬತ್ತನೆಯ ಹೆದ್ದಾರಿ ಹೋಗುತ್ತದೆ. ನಮ್ಮ ಕಾರು ನಡೆಸುವವನೂ ದಾರಿ ತೋರಿಸುವವನೂ ತ್ವಾನ್ ಎಂಬ ನಡುವಯಸ್ಸಿನ ಮನುಷ್ಯ. ಅವನ ಇಂಗ್ಲಿಷು ನನಗೆ, ನನ್ನ ಕನ್ನಡ ಅತ್ತಿಗೆ, ಹೀಗೆ ಮಾತು ಮೂರು ಕೈ ದಾಟಿ ಹೋಗುತ್ತಿತ್ತು.

ಮರುದಿನ ಎಳ್ಳಮಾವಾಸ್ಯೆ. ತೆಂಗಿನಕಾಯಿ ಬೇಕಿತ್ತು. ಪೇಟೆಯಲ್ಲೆಲ್ಲ ಎಳನೀರಿನ ಹಸಿರು ಕಾಯಿಗಳೇ. ಒಬ್ಬ ಹೆಂಗಸಿನ ಬಳಿ ಒಣ ಕಾಯಿ ಇತ್ತು, ಆದರೆ ಆಕೆ ಅದನ್ನು ಕೊಡುವ ಮುನ್ನ ನೀಟಾಗಿ ಒಡೆದುಕೊಡಲು ಕತ್ತಿ ಎತ್ತಿದಳು. ಅತ್ತಿ ಎರಡೂ ಕೈ ಅಡ್ಡ ಹಿಡಿದು, “ಏ ಯವ್ವಾ, ಅದನ್ನ ಒಡಿಯಾವರು ನಾವು!” ಎಂದು ಕಾಯಿಯನ್ನು ಕಸಿದುಕೊಂಡರು. ಸುತ್ತಲಿನವರಿಗೆಲ್ಲ ನಗು.

ಪಕ್ಕದಲ್ಲೇ ಕಬ್ಬಿನ ಹಾಲಿನ ಗಾಡಿ. ಪುಟ್ಟ ಕಿತ್ತಳೆಯಂಥ ಹಣ್ಣನ್ನೂ ಜೊತೆಗೆ ಹಾಕಿ ಹಿಂಡುತ್ತಾರೆ. ಅತ್ತಿ ಕುಡಿಯುವ ಮೊದಲು ಜಲ್ಲೆ ಎತ್ತಿ ಗಣ್ಣು ನೋಡಿದರು, ಉಗುರಿನಿಂದ ಸಿಪ್ಪೆ ಕೆರೆದರು. “ಗಣ್ಣು ಗಿಡ್ಡ ಅದಾವ. ನೀರು ಕಮ್ಮಿ ಬಿದ್ದೈತಿ. ಖರೆ ರುಚಿ ಐತಿ ಅಂತ ಹೇಳು, ಪಾಪ.” ನಾನು ಕೊನೆಯ ಮಾತನ್ನಷ್ಟೇ ತ್ವಾನ್‌ನಿಗೆ ಹೇಳಿದೆ.

ಒಂಬತ್ತನೆಯ ಹೆದ್ದಾರಿ

ಬೆಳಿಗ್ಗೆ ಜಿಟಿಜಿಟಿ ಮಳೆ. ದಾರಿ ಹೊಳೆಯ ಜೊತೆಜೊತೆಗೇ ಗುಡ್ಡ ಏರುತ್ತದೆ. ಅಂಥ ಹಸಿರನ್ನು ನಾನು ನೋಡಿರಲಿಲ್ಲ. ಬಾಳೆ, ಮರಗೆಣಸು, ಕಾಫಿ, ಅದರ ಮೇಲೆ ಕಾಡು, ಕಾಡಿನ ಮೇಲೆ ಮೋಡ. ಕಂಬಗಳ ಮೇಲೆ ನಿಂತ ಮರದ ಮನೆಗಳು. ರಸ್ತೆಯ ಅಂಚಿಗೆ ಹೆಚ್ಚಿದ ಮರಗೆಣಸನ್ನು ಒಣಹಾಕಿ, ಮಳೆ ಬಂತೆಂದು ಓಡೋಡಿ ಬಾಚುತ್ತಿದ್ದ ಹೆಂಗಸರು. ನಾವು ಡಾಂಬರು ರಸ್ತೆಯ ಮೇಲೆ ಜೋಳದ ತೆನೆ ಹರವಿ ಗಾಡಿಯವರ ಬೈಗುಳ ತಿನ್ನುವುದು ನೆನಪಾಯಿತು.

ಇಷ್ಟು ಚೆಂದದ ಕಣಿವೆಯಲ್ಲಿ ಯುದ್ಧ ಎಲ್ಲಿತ್ತು ಎಂದು ಹುಡುಕಬೇಕಾಗಲಿಲ್ಲ. ಒಂದು ಮನೆಯ ಮುಂದೆ ಬಾಂಬಿನ ಉದ್ದನೆಯ ಕವಚವನ್ನು ಸೀಳಿ ಅದರಲ್ಲಿ ಈರುಳ್ಳಿ ತಪ್ಪಲು ಬೆಳೆಸಿದ್ದರು. ಇನ್ನೊಂದರಲ್ಲಿ ಅವೇ ಬೇಲಿಯ ಕಂಬ. ದುಂಡಗಿನ ಹೊಂಡಗಳಲ್ಲಿ ಬಾತುಕೋಳಿಗಳು ಈಜುತ್ತಿದ್ದವು. ಅವು ಕೆರೆಗಳಲ್ಲ, ಬಾಂಬು ಬಿದ್ದ ಗುಳಿಗಳು ಎಂದ ತ್ವಾನ್. ಊರಿಗೊಂದು ಸೈನಿಕರ ಸ್ಮಶಾನ. ಹೆಸರು ಗೊತ್ತಿಲ್ಲದ ಗೋರಿಗಳಿಗೂ ಯಾರೋ ಊದುಬತ್ತಿ ಹಚ್ಚಿದ್ದರು.

“ಇದು ಗಡಿ ಸೀಮಿ ಅಂದಿ. ನಮ್ಮ ಹುಕ್ಕೇರೀನೂ ಗಡಿ,” ಎಂದರು ಅತ್ತಿ. “ನಾವು ಆ ಕಡಿಗೆ ಹೆಣ್ಣ ಕೊಡತೇವಿ, ಕಾಯಿಪಲ್ಲೆ ಮಾರತೇವಿ. ಇವರಿಗೆ ಇದೇನ ಬಂತು ಪಾಪ ಕರ್ಮ.”

ಡಾಕ್ರಾಂಗ್ ಹೊಳೆ ದಾಟಿದ ಮೇಲೆ

ಸೇತುವೆ ದಾಟಿ ಸ್ವಲ್ಪ ಮೇಲೇರಿದಲ್ಲಿ ಒಂದು ಚಹದ ಅಂಗಡಿ. ಗಿಡ್ಡ ಪ್ಲಾಸ್ಟಿಕ್ ಸ್ಟೂಲುಗಳು. ಮಳೆ ನಿಂತಿತ್ತು. ಕಣಿವೆಯಲ್ಲಿ ಮೋಡ ಸರಿದು ಹೊಳೆ ಕಾಣುತ್ತಿತ್ತು. ನಾನು ಫೋಟೊ ತೆಗೆಯುತ್ತ ರಸ್ತೆಯ ಆ ಬದಿಗೆ ನಿಂತಿದ್ದೆ. ತ್ವಾನ್ ಚಹಕ್ಕೆ ಹೇಳುತ್ತಿದ್ದ. ಅತ್ತಿ ಡಬ್ಬಿ, ಕಾಯಿ ಹಿಡಿದು ಕಾರಿನಿಂದ ಇಳಿದರು.

ಅಂಗಡಿಯ ಪಕ್ಕದಲ್ಲಿ ಅರ್ಧ ಅಗೆದ ಹೊಲ ಇತ್ತು. ರಸ್ತೆಯ ಕಡೆಯ ಅಂಚು ಹುಲ್ಲು. ಹುಲ್ಲಿನಾಚೆ ಮೂರು ಕಲ್ಲುಗಳು, ಹೊಸದಾಗಿ ಕೆಂಪು ಬಳಿದವು, ನಡುವೆ ಚುಚ್ಚಿದ ಒಂದು ಹಸಿರು ಟೊಂಗೆ. ನಮ್ಮ ಸೀಮೆಯ ಯಾವ ಹೆಂಗಸನ್ನು ಬೇಕಾದರೂ ತಂದು ಅಲ್ಲಿ ನಿಲ್ಲಿಸಿ, ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೆಂಪು ಹಚ್ಚಿದ ಕಲ್ಲು ಏನೆಂದು ಕೇಳಿ. ಎರಡು ಉತ್ತರ ಬರುವುದಿಲ್ಲ. ಅತ್ತಿ ಚಪ್ಪಲಿಯನ್ನು ಕಾರಿನ ಬಳಿಯೇ ಬಿಟ್ಟು, ಬರಿಗಾಲಲ್ಲಿ ಹುಲ್ಲು ದಾಟಿ, ಕಲ್ಲಿನ ಮುಂದೆ ಡಬ್ಬಿ ಇಟ್ಟು ಕೈ ಮುಗಿದರು. ಕಾಯಿ ಎತ್ತಿದರು.

ತ್ವಾನ್ ಕಿರುಚಿದ್ದು ನನಗೆ ಕೇಳಿತು. ಅವನು ಓಡಿದ್ದನ್ನು ಕಂಡೆ. ಹೊಲದ ಅಂಚಿಗೆ ಬಂದವನು ಗೋಡೆಗೆ ಬಡಿದವನಂತೆ ನಿಂತುಬಿಟ್ಟ. ಅವನು ನಿಂತದ್ದನ್ನು ನೋಡಿಯೇ ನನಗೆ ಅರ್ಥವಾಯಿತು. ಆಗಲೇ ನನ್ನ ಗಂಟಲಿನಿಂದ ಕೂಗು ಹೊರಟಿತ್ತು.

“ಅತ್ತೀ! ಕಾಯಿ ಒಡೀಬ್ಯಾಡ್ರೀ! ಕೈ ಹಂಗ ಇರ್ಲಿ!”

ಕೈ ಹಾಗೇ ಮೇಲೆ ನಿಂತಿತು. “ಯಾಕ? ಏನಾತು?”

“ಅದು ದೇವ್ರಲ್ರೀ. ಅಲ್ಲಿ ಬಾಂಬ್ ಐತಿ. ಅಲ್ಲಾಡಬ್ಯಾಡ್ರಿ.”

ಅತ್ತಿ ತಲೆ ಬಗ್ಗಿಸಿ ನೋಡಿದರು. “ಈ ತುಕ್ಕ ಹಿಡದ ಗುಂಡ? ಪ್ಯಾರಲ ಹಣ್ಣಿನಷ್ಟೈತಿ.”

“ಮುಟ್ಟೀರೇನ್ರಿ?”

“ಇಲ್ಲ. ದೇವರ ಮುಂದ ಯಾಕ ಬೇಕಂತ, ಕಾಯಿ ಒಡದು ಆಮ್ಯಾಲ ಬಾಜೂಕ ಒಗಿಬೇಕಂತ ಮಾಡಿದ್ದೆ.”

ಈ ಮಾತನ್ನು ನಾನು ತ್ವಾನ್‌ನಿಗೆ ಅನುವಾದಿಸಿ ಹೇಳಲಿಲ್ಲ.

ಹೊಲದಲ್ಲಿ ನಿಂತು

ಅಂಗಡಿಯ ಹಿಂದಿನಿಂದ ಹೊಲದ ಒಡತಿ ಬಂದಳು. ಥೋಯ್ ಎಂದು ಹೆಸರು, ಅತ್ತಿಯ ವಯಸ್ಸಿನವಳೇ. ಹಿಂದಿನ ದಿನ ಅಗೆಯುವಾಗ ಆ ಗುಂಡು ಕಂಡಿತ್ತಂತೆ. ಯುದ್ಧದಲ್ಲಿ ಸಿಡಿಯದೆ ಉಳಿದ ಬಾಂಬು ತೆಗೆಯುವ ತಂಡಕ್ಕೆ ಫೋನು ಮಾಡಿ, ಅವರು ಬರುವವರೆಗೆ ಯಾರೂ ಹತ್ತಿರ ಹೋಗದಿರಲಿ ಎಂದು ಮೂರು ಕಲ್ಲಿಗೆ ಬಣ್ಣ ಬಳಿದು ಸುತ್ತ ಇಟ್ಟಿದ್ದಳು. ಅವಳ ಜನಕ್ಕೆ ಕೆಂಪು ಎಂದರೆ ದೂರ ಹೋಗು ಎಂದರ್ಥ. ನಮ್ಮ ಜನಕ್ಕೆ ಹತ್ತಿರ ಬಾ ಎಂದು.

ಆಕೆ ಅಗೆದ ಭಾಗ ಗುಂಡಿನ ಆಚೆ ಬದಿಗಿತ್ತು. ಅತ್ತಿ ಬಂದ ದಾರಿ ಹುಲ್ಲು. ಅಲ್ಲಿ ಯಾರೂ ಗುದ್ದಲಿ ಹಾಕಿರಲಿಲ್ಲ, ಹುಲ್ಲಿನಲ್ಲಿ ಹೆಜ್ಜೆಯೂ ಮೂಡಿರಲಿಲ್ಲ. ಇಂಥವು ಒಂದೇ ಇರುವುದಿಲ್ಲ, ಅಕ್ಕಪಕ್ಕ ಇನ್ನೂ ಇರುತ್ತವೆ ಎಂದ ತ್ವಾನ್. ತಂಡ ಹತ್ತಿರದ ಕಣಿವೆಯಲ್ಲೇ ಇದೆ, ಬರುವವರೆಗೆ ಅತ್ತಿ ನಿಂತಲ್ಲೇ ನಿಲ್ಲಬೇಕು ಎಂದು ಫೋನು ಕಿವಿಗೆ ಹಿಡಿದೇ ಹೇಳಿದ.

ನಾನು ಹೇಳಿದೆ. ಅಳುತ್ತಿದ್ದೆ.

“ನೀ ಮೊದಲ ಅಳೂದ ಬಿಡು,” ಎಂದರು ಅತ್ತಿ. “ನಾ ಏನ ಎದ್ದ ಓಡಾಕತ್ತೇನಿ? ನಿಂತೇನಲ್ಲ.”

ಆಮೇಲೆ ಅವರು ಮಾಡಿದ್ದನ್ನು ನಾನು ಈಗಲೂ ನಿಧಾನವಾಗಿ, ಒಂದೊಂದಾಗಿ ನೋಡುತ್ತಿರುತ್ತೇನೆ. ಎತ್ತಿದ ಕೈಯನ್ನು ಹಗುರಕ್ಕೆ ಇಳಿಸಿ ಕಾಯಿಯನ್ನು ಉಡಿಯಲ್ಲಿ ಹಾಕಿ, ಸೆರಗಿನಿಂದ ಬಿಗಿಯಾಗಿ ಕಟ್ಟಿಕೊಂಡರು. ಗಾಳಿಗೆ ಸೀರೆಯ ಅಂಚು ಕಲ್ಲಿನ ಕಡೆಗೆ ಹಾರುತ್ತಿತ್ತು. ಅದನ್ನು ಕಂಡದ್ದೇ ನೆರಿಗೆ ಒಟ್ಟು ಮಾಡಿ, ಕಳೆ ತೆಗೆಯಲು ಇಳಿಯುವಾಗ ಮಾಡುವಂತೆ ಕಾಲ ನಡುವೆ ಎಳೆದು ಕಚ್ಚೆ ಸಿಕ್ಕಿಸಿದರು. ಪಾದ ಮಾತ್ರ ಇದ್ದಲ್ಲಿಂದ ಕದಲಲಿಲ್ಲ.

ರಸ್ತೆಯಲ್ಲಿ ಬೈಕು, ಲಾರಿಗಳು ನಿಂತವು. ಯಾರೂ ಗದ್ದಲ ಮಾಡಲಿಲ್ಲ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನೂರು ಸಲಹೆ ಬಂದಿರುತ್ತಿದ್ದವು. ಥೋಯ್ ಹುಲ್ಲಿನ ಅಂಚಿಗೆ ಬಂದು, ಅತ್ತಿಗೆ ಎದುರಾಗಿ ತಾನೂ ನಿಂತಳು. ಕುಳಿತುಕೊಳ್ಳಲಿಲ್ಲ. ಏನೋ ಕೇಳಿದಳು. ತ್ವಾನ್ ನನಗೆ ಹೇಳಿದ, ನಾನು ಅತ್ತಿಗೆ ಕೂಗಿದೆ: “ಮಕ್ಕಳೆಷ್ಟು ಅಂತ ಕೇಳಾಕತ್ತಾರ.”

“ಮೂರು. ಆಕಿಗೆ?”

“ಐದಂತ್ರಿ. ಒಬ್ಬ ಮಗಳನ್ನ ಲಾವೋಸ್‌ಗೆ ಕೊಟ್ಟಾರಂತ.”

“ಹೌದಾ? ನಮ್ಮ ತಂಗೀನೂ ಗಡಿ ದಾಟಿ ಗಡಹಿಂಗ್ಲಜಕ್ಕ ಕೊಟ್ಟೇವಂತ ಹೇಳು. ಆ ಕಡಿ ಮಂದಿ ಛಲೋ ನೋಡ್ಕೋತಾರೇನ ಕೇಳು.”

ಥೋಯ್ ಕೈ ಬೀಸಿ ಏನೋ ಅಂದಳು. ತ್ವಾನ್ ನಕ್ಕುಬಿಟ್ಟ. ಅಳಿಯ ಒಳ್ಳೆಯವನು, ಅವನ ಅಮ್ಮ ಮಾತ್ರ ಬಾಯಿಬಡುಕಿ, ಎಂದಿದ್ದಳು.

“ಎಲ್ಲಾ ಕಡಿ ಇದ್ದದ್ದ,” ಎಂದು ಅತ್ತಿ ನನ್ನ ಕಡೆ ನೋಡಿದರು. “ಇದನ್ನ ನಿನಗಂತ ಹೇಳಲಿಲ್ಲ.”

ಹೀಗೆಯೇ ಮಾತು ನಡೆಯಿತು. ಏನು ಬೆಳೆಯುತ್ತಾಳೆ, ಗೊಬ್ಬರ ಏನು ಹಾಕುತ್ತಾಳೆ, ಹಂದಿ ನುಗ್ಗುತ್ತವೆಯೇ. ಗುದ್ದಲಿ ಹಾಕುವಾಗಲೇ ಅವಳ ಗಂಡ ಒಂದು ಕೈ ಕಳೆದುಕೊಂಡನೆಂದೂ ಗೊತ್ತಾಯಿತು. ಹಾಗಿದ್ದೂ ಯಾಕೆ ಅಗೆಯುತ್ತಾಳೆಂದು ಅತ್ತಿ ಕೇಳಲಿಲ್ಲ. ನಾನೇ ಕೇಳಿದೆ. ಮರಗೆಣಸು ಬೇರೆ ಎಲ್ಲಿ ಹಾಕಲಿ ಎಂದಳು ಥೋಯ್.

ಎಷ್ಟು ಹೊತ್ತಾಯಿತೋ, ಅತ್ತಿಯ ಮೊಣಕಾಲು ಒಮ್ಮೆ ಕುಸಿಯಿತು. “ಕಾಲ ಜೋಮ ಹಿಡದಾವು. ಕುಂದ್ರಲೇನು?”

“ಕುಂದ್ರಬ್ಯಾಡ್ರೀ!”

ಥೋಯ್‌ಗೆ ಯಾರೂ ಹೇಳಬೇಕಾಗಲಿಲ್ಲ. ಆಕೆ ತನ್ನ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಗುರಕ್ಕೆ ಹಾಕುತ್ತ, ಮತ್ತೆ ಈ ಕಾಲಿಗೆ ತರುತ್ತ ತೂಗತೊಡಗಿದಳು. ಅತ್ತಿ ನೋಡಿದರು, ಹಾಗೆಯೇ ತೂಗಿದರು. ಗುಡ್ಡದ ಮೈಯಲ್ಲಿ ಇಬ್ಬರು ಮುದುಕಿಯರು, ನಡುವೆ ಒಂದು ಪಟ್ಟಿ ಹುಲ್ಲು, ಮಗುವನ್ನು ಮಲಗಿಸುವವರಂತೆ ಒಬ್ಬರನ್ನೊಬ್ಬರು ನೋಡಿಕೊಂಡು ತೂಗುತ್ತಿದ್ದರು. ನಿಂತ ಆ ಲಾರಿಯವರಿಗೆಲ್ಲ ಕೂಗಿ ಹೇಳಬೇಕೆನಿಸಿತು: ನೋಡಿ, ಅಲ್ಲಿ ನಿಂತವರು ನಮ್ಮತ್ತಿ.

ಲಾನ್ ಬಂದಳು

ತಂಡದ ಗಾಡಿ ಬಂತು. ಇಳಿದವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಮುಖ್ಯಸ್ಥೆ ಲಾನ್‌ಗೆ ಮೂವತ್ತು ದಾಟಿರಲಿಕ್ಕಿಲ್ಲ. ಎಲ್ಲರನ್ನೂ ರಸ್ತೆಯ ಆಚೆ ದೂರ ಕಳಿಸಿದಳು. ಮಾತು ಮುಟ್ಟಿಸಲು ನಾನೂ ತ್ವಾನ್‌ನೂ ಕಾರಿನ ಮರೆಯಲ್ಲಿ ಉಳಿದೆವು. ಲಾನ್ ಉದ್ದ ಕೋಲಿನ ತುದಿಗೆ ಬಳೆ ಇದ್ದಂಥ ಲೋಹ ಹುಡುಕುವ ಯಂತ್ರವನ್ನು ಹುಲ್ಲಿನ ಮೇಲೆ ಸವರುತ್ತ, ಎರಡೂ ಬದಿಗೆ ಗುರುತಿನ ಪಟ್ಟಿ ಹಾಸುತ್ತ ಮುಂದೆ ಹೋದಳು.

ನಡು ಹುಲ್ಲಿನಲ್ಲಿ ಯಂತ್ರ ಕೂಗಿತು. ಅತ್ತಿ ಕಾಲಿಟ್ಟು ಬಂದಿದ್ದು ಅಲ್ಲೇ, ಅಥವಾ ಅದರ ಒಂದು ಗೇಣು ಆಚೆ. ಲಾನ್ ಮೊಣಕಾಲೂರಿ ಕುಳಿತು, ಚಿಕ್ಕ ಕರಣೆಯಿಂದ ಮಣ್ಣನ್ನು ಬದಿಯಿಂದ ಕೆರೆಯುತ್ತ ಹೋದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳ ಕೈಯಲ್ಲಿ ಒಂದು ಮುರಿದ ಗುದ್ದಲಿಯ ತುಂಡು ಇತ್ತು. ದೂರದಿಂದ ಥೋಯ್ ಏನೋ ಕೂಗಿದಳು.

“ಅದು ತನ್ನದೇ ಅಂತ್ರಿ,” ಎಂದು ನಾನು ಅತ್ತಿಗೆ ಹೇಳಿದೆ. “ಹೋದ ವರ್ಷ ಕಳದಿತ್ತಂತ.”

“ಸಿಕ್ತಲ್ಲ, ತಗೋ ಅನ್ನು!”

ಲಾನ್ ಅತ್ತಿಯನ್ನು ತಲುಪಿ ಕೈ ಚಾಚಿದಳು. ಅತ್ತಿ ಕೈ ಹಿಡಿಯಲಿಲ್ಲ. ಮೊದಲು ಎರಡೂ ಅಂಗೈಗಳನ್ನು ಆ ಹುಡುಗಿಯ ಗಲ್ಲದ ಮೇಲೆ ಸವರಿ, ತಮ್ಮ ಕಣತಲೆಗೆ ಒತ್ತಿ ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದರು. ಆಮೇಲೆ ಪಟ್ಟಿಯ ನಡುವಿನ ದಾರಿಯಲ್ಲಿ ಅವಳ ಹಿಂದೆ, ಕಚ್ಚೆ ಕಟ್ಟಿಕೊಂಡೇ, ಉಡಿಯಲ್ಲಿ ಕಾಯಿ ಹೊತ್ತು ನಡೆದು ಬಂದರು. ರಸ್ತೆಗೆ ಕಾಲಿಟ್ಟಾಗ ಆಚೆಯಿಂದ ಚಪ್ಪಾಳೆ. ನಾನು ಅಲ್ಲೇ ಕುಳಿತುಬಿಟ್ಟಿದ್ದೆ.

“ಏಳು. ಪ್ಯಾಂಟ ಕೆಸರಾತು,” ಎಂದರು ಅತ್ತಿ. ಅವರು ಹಿಡಿದ ನನ್ನ ರಟ್ಟೆಯಲ್ಲಿ ನೋವಾಗುವಷ್ಟು ಬಿಗಿ ಇತ್ತು. ಆ ಬಿಗಿಯಲ್ಲೇ ಅವರ ಹೆದರಿಕೆ ನನಗೆ ತಿಳಿದದ್ದು.

ಗುಂಡನ್ನು ಅಲ್ಲೇ ಸಿಡಿಸಬೇಕೆಂದರು. ಸುತ್ತ ಮರಳಿನ ಚೀಲ ಒಟ್ಟುವ ಹೊತ್ತಿನಲ್ಲಿ ಅತ್ತಿ ಲಾನ್‌ಳನ್ನು ಬಿಡಲಿಲ್ಲ. “ಈ ಕೆಲಸಕ್ಕ ಮನಿಯಾಗ ಅತ್ತಿ ಏನಂತಾಳ ಕೇಳು.”

ಲಾನ್ ನಕ್ಕಳು. “ಮೊದಲು ಬೇಡ ಅಂದಳು. ನಮ್ಮ ಮನೆಯ ಹಿಂದೆಯೂ ಒಂದು ಸಿಕ್ಕಿತು. ಅವತ್ತಿನಿಂದ ಬೆಳಿಗ್ಗೆ ನನಗಿಂತ ಮೊದಲು ಎದ್ದು ನನ್ನ ಬುತ್ತಿ ಕಟ್ಟುತ್ತಾಳೆ.”

“ಕಟ್ಟಬೇಕ! ಇಂಥಾ ಸೊಸಿ ಇದ್ರ ನಾನೂ ಕಟ್ಟತೇನಿ.” ಒಂದು ಕ್ಷಣ ತಡೆದು, “ಇದೂನೂ ನಿನಗಂತ ಹೇಳಲಿಲ್ಲ,” ಎಂದರು.

ಸಿಡಿದಾಗ ಸದ್ದು ಕಣಿವೆಯ ಆ ಗೋಡೆಗೆ ಬಡಿದು ತಿರುಗಿ ಬಂತು. ಕೆಂಪು ಮಣ್ಣು ಮರದೆತ್ತರ ಎದ್ದಿತು. ಪ್ಯಾರಲ ಹಣ್ಣಿನಷ್ಟರ ಒಳಗೆ ಅಷ್ಟಿತ್ತು.

ಥೋಯ್ ಬಂದು, ಇವರು ಅಲ್ಲಿ ಮಾಡಲು ಹೋದದ್ದೇನು ಎಂದು ಕೇಳಿದಳು. ವರ್ಷಕ್ಕೊಮ್ಮೆ ನೆಲಕ್ಕೆ ಉಣಿಸುತ್ತೇವೆ ಎಂದೆ. ಆಕೆ ಸುಮ್ಮನೆ ಅತ್ತಿಯ ಕೈ ಹಿಡಿದು, ಹಿಂದೆಯೇ ತಪಾಸಣೆ ಮುಗಿದಿದ್ದ ತನ್ನ ಹಿತ್ತಲಿಗೆ ಕರೆದೊಯ್ದಳು. ಡಬ್ಬಿ ಗುಂಡಿನ ಜೊತೆಗೇ ಸಿಡಿದುಹೋಗಿತ್ತು, ಕಾರಿನಲ್ಲಿ ಎರಡು ಹೋಳಿಗೆ ಉಳಿದಿದ್ದವು. ಕಾಯಿ ಒಡೆಯಿತು. “ಹುಲ್ಲುಲ್ಲಿಗೋ!” ಎಂದು ಚರಗದ ಕೂಗು ಹಾಕುತ್ತ ಅತ್ತಿ ಹೋಳಿಗೆ ಮುರಿದು ನಾಲ್ಕೂ ದಿಕ್ಕಿಗೆ ಚೆಲ್ಲಿದರು. ನಾನು ದನಿಗೂಡಿಸುವ ಮೊದಲೇ ಅದೇ ಕೂಗನ್ನು ಥೋಯ್ ಕೂಗಿದಳು.

ಲಾವೊ ಬಾವೊ

ಗಡಿಯ ಬಾಗಿಲನ್ನೂ ನೋಡಿದೆವು. ಬಾಳೆಗೊನೆಯ ಲಾರಿಗಳ ಸಾಲು, ಧ್ವಜ, ಆಚೆ ಲಾವೋಸ್‌ನ ನೀಲಿ ಗುಡ್ಡಗಳು. ಅಲ್ಲಿ ಫೋಟೊ ನಾನು ತೆಗೆಯಲಿಲ್ಲ. ಅತ್ತಿಯೇ ತೆಗೆದರು. ಅದರಲ್ಲಿ ಅರ್ಧ ದೇಶ ಅವರ ಹೆಬ್ಬೆರಳಿನ ಹಿಂದಿದೆ.

ಮೂಡಲಗಿ

ಅತ್ತಿ ಊರಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನನಗೆ ರಾತ್ರಿ ಆ ಎತ್ತಿದ ಕೈ ಕೆಳಗಿಳಿಯುತ್ತಿತ್ತು. ಎದ್ದು ಕುಳಿತರೆ ಪಕ್ಕದ ಕೋಣೆಯಲ್ಲಿ ಅವರ ಗೊರಕೆ.

ಈ ಮಳೆಗಾಲದಲ್ಲಿ ಒಂದು ದಿನ ತ್ವಾನ್ ವಿಡಿಯೊ ಕಾಲ್ ಮಾಡಿದ. ಹಿಂದೆ ಥೋಯ್ ನಿಂತಿದ್ದಳು. ಹೊಲ ಪೂರ್ತಿ ತಪಾಸಣೆ ಮುಗಿದಿತ್ತು, ಆ ಹುಲ್ಲಿನ ಪಟ್ಟಿಯೂ. ಅಲ್ಲಿ, ಲಾನ್ ಅತ್ತಿಯನ್ನು ಕರೆತಂದ ದಾರಿಯ ಆಚೀಚೆ, ಇನ್ನೂ ಎರಡು ಸಿಕ್ಕಿದ್ದವಂತೆ. ಅತ್ತಿ ಫೋನು ಕಸಿದುಕೊಂಡು, ಅಂಗಳದಲ್ಲಿ ಕೆಲಸಕ್ಕೆ ಬಂದಿದ್ದ ಹೆಂಗಸರ ನಡುವೆ ಹೋಗಿ ನಿಂತರು.

“ಬರ್ರೆವ್ವಾ, ಇಲ್ಲಿ ಬರ್ರಿ. ನೋಡ್ರಿ ಈ ಹೊಲ. ಇದು ಗುಡ್ಡ, ಇದು ರಸ್ತಾ. ಬಾಳಿ ಹಚ್ಚ್ಯಾಳ ನೋಡ್ರಿ, ಎಷ್ಟ ಛಂದ ಎದ್ದಾವ.”

“ಯಾರ ಹೊಲಾನಬೇ ಅದು?” ಎಂದು ಒಬ್ಬಳು ಕೇಳಿದಳು.

“ಆಕೀದು,” ಎಂದರು ಅತ್ತಿ. ಆಮೇಲೆ ಒಂದು ಸಸಿಯ ಮೇಲೆ ಬೆರಳು ಇಟ್ಟರು. “ಈ ಬಾಳಿ ಐತೆಲ್ಲ, ಇಷ್ಟ ಜಾಗಾ ಅಷ್ಟ ನಂದು. ಇಲ್ಲಿ ನಾ ನಿಂತಿದ್ದೆ.”